ಮಳೆಯೂರಿನ ಕೌದಿಗೆ ಎಂಥ ಅಂಗಿ?



ಹಳೆಯ ಅಂಗಿಗಳನ್ನು ಗುಡ್ಡೆ ಹಾಕಿಕೊಂಡು ಕೌದಿ ಹೊಲಿಯಲು ಕೂತವರ ಕೈ ಮೊದಲು ಹೋಗುವುದು ಬಣ್ಣದ ಕಡೆಗೆ. ನೀಲಿ ಗೆರೆಯ ಪಕ್ಕಕ್ಕೆ ಬಿಳಿಯದು, ಅದರ ಪಕ್ಕಕ್ಕೆ ಕೆಂಪು ಚೌಕಳಿಯದು ಎಂದು ಜೋಡಿಸಿ ನೋಡುವುದರಲ್ಲೇ ಒಂದು ಮಧ್ಯಾಹ್ನ ಕಳೆದುಹೋಗುತ್ತದೆ. ಧಾರವಾಡ, ಬಾಗಲಕೋಟೆ, ವಿಜಯಪುರದ ಬಿಸಿಲಿನಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ. ಅಲ್ಲಿ ಯಾವ ಬಟ್ಟೆ ಹಾಕಿ ಹೊಲಿದರೂ ಒಗೆದ ಕೌದಿ ಸಂಜೆಯೊಳಗೆ ಒಣಗಿ ಒಳಗೆ ಬರುತ್ತದೆ. ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಲ್ಲಿ, ಅಲ್ಲಿಂದ ಕವಲೊಡೆದು ಕಳಸ, ಹೊರನಾಡಿಗೆ ಹೋಗುವ ದಾರಿಯ ಊರುಗಳಲ್ಲಿ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಲೆಕ್ಕವೇ ಬೇರೆ. ಇಲ್ಲಿ ಕೌದಿಗೆ ಬಟ್ಟೆ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಒದ್ದೆಯಾದರೆ ಒಣಗುತ್ತದೆಯೇ? ತೂಕ, ನೇಯ್ಗೆ, ಸವೆತ, ತುಂಡಿನ ಅಳತೆ, ಎಲ್ಲವನ್ನೂ ಈ ಪ್ರಶ್ನೆಯಿಂದಲೇ ತೀರ್ಮಾನಿಸಬೇಕು. ಬಣ್ಣದ ಸರದಿ ಕೊನೆಗೆ ಬರಬೇಕು ಎಂಬುದು ನನ್ನ ವಾದ.

ಮಲೆನಾಡಿನ ಹಳೆಯ ಹೊದಿಕೆ ಕಂಬಳಿ. ಚಳ್ಳಕೆರೆಯ ಕಡೆ ಕುರಿಯ ಉಣ್ಣೆಯಿಂದ ನೇಯ್ದ ಕರಿ ಕಂಬಳಿ ಘಟ್ಟದ ಸೀಮೆಗೆ ಬಂದು, ಹಗಲು ತಲೆಯ ಮೇಲೆ ಕೊಪ್ಪೆಯಾಗಿ ಮಳೆ ತಡೆಯುತ್ತಿತ್ತು. ರಾತ್ರಿ ಮೈಮೇಲೆ ಹೊದಿಕೆಯಾಗುತ್ತಿತ್ತು. ಇದು ಕೇವಲ ರೂಢಿಯಲ್ಲ. ಉಣ್ಣೆ ತನ್ನ ತೂಕದ ಶೇ. 16ರಷ್ಟು ತೇವವನ್ನು ಸಾಮಾನ್ಯ ಹವೆಯಲ್ಲೇ ಒಳಗಿಟ್ಟುಕೊಂಡಿರುತ್ತದೆ, ಆದರೂ ಮುಟ್ಟಿದರೆ ತಣ್ಣಗೆನಿಸುವುದಿಲ್ಲ, ಮೇಲೆ ಬಿದ್ದ ಹನಿಯನ್ನು ಬೇಗ ಹೀರುವುದಿಲ್ಲ. ಹತ್ತಿಗೆ ಈ ಗುಣವಿಲ್ಲ. ಹತ್ತಿ ಶೇ. 8ರ ಸುಮಾರು ತೇವ ಹಿಡಿಯುತ್ತದೆ, ಹನಿ ಬಿದ್ದರೆ ಆ ಕ್ಷಣಕ್ಕೆ ಹೀರುತ್ತದೆ, ಒದ್ದೆಯಾದ ಮೇಲೆ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ಹತ್ತಿಯ ಕೌದಿ ಘಟ್ಟಕ್ಕೆ ಬರುವಾಗ ಸ್ವಲ್ಪ ಬದಲಾಗಲೇಬೇಕು. ಕಾಫಿ ಸೀಮೆಗೆ ಬೇರೆ ಬೇರೆ ಕಡೆಯಿಂದ ದುಡಿಯಲು ಬಂದವರು ತಮ್ಮೂರಿನ ಹೊಲಿಗೆಯನ್ನೂ ಜೊತೆಗೆ ತಂದಿದ್ದಾರೆ. ಹೊಲಿಗೆ ಹಾಗೆಯೇ ಇರಲಿ, ಬಟ್ಟೆಯ ಆಯ್ಕೆಯನ್ನು ಮಾತ್ರ ಇಲ್ಲಿಯ ಮಳೆಗೆ ಒಪ್ಪಿಸಬೇಕು.

ಮೃಗಶಿರಾ ಮಳೆಯಿಂದ ಹಿಡಿದು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಗಳವರೆಗೆ ಇಲ್ಲಿ ಬಿಸಿಲನ್ನು ನಂಬಿ ಯಾವ ಕೆಲಸವನ್ನೂ ಇಟ್ಟುಕೊಳ್ಳುವಂತಿಲ್ಲ. ಗಾಳಿಯ ತೇವ ಶೇ. 70–75 ದಾಟಿ ಹಾಗೆಯೇ ನಿಂತರೆ ಬಟ್ಟೆಗೆ ಬೂಷ್ಟು ಹಿಡಿಯಲು ಅಷ್ಟು ಸಾಕು, ನೀರು ತಾಗಲೇಬೇಕೆಂದಿಲ್ಲ. ಬೂಷ್ಟಿಗೆ ಹತ್ತಿಯ ನಾರು ಆಹಾರ. ಗಂಜಿ, ಬೆವರು, ಎಣ್ಣೆಯ ಜಿಡ್ಡು ಇನ್ನೂ ರುಚಿಯಾದ ಆಹಾರ. ಆದ್ದರಿಂದ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ನೋಡಲು ಎಷ್ಟೇ ಗರಿಗರಿಯಾಗಿದ್ದರೂ, ಬಿಸಿನೀರಿನಲ್ಲಿ ನೆನೆಸಿ ಗಂಜಿಯನ್ನು ಪೂರ್ತಿ ಬಿಡಿಸದೆ ಕೌದಿಯೊಳಗೆ ಸೇರಿಸಬಾರದು. ಒಂದು ಅಂಗಿಯ ಗಂಜಿ ಸಾಕು, ಮುಗ್ಗಲು ವಾಸನೆ ಅಲ್ಲಿಂದ ಎದ್ದು ಇಡೀ ಹೊದಿಕೆಗೆ ಹಬ್ಬುತ್ತದೆ.

ತೂಕದ ಲೆಕ್ಕ ನೋಡೋಣ. ಆರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಒಂದು ಕೌದಿ ಎಂದರೆ ಸುಮಾರು ಎರಡೂವರೆ ಚದರ ಮೀಟರ್. ಸಾಮಾನ್ಯ ಹತ್ತಿಯ ಅಂಗಿ ಬಟ್ಟೆ, ಪಾಪ್ಲಿನ್ನು ಎನ್ನಿ, ಚದರ ಮೀಟರಿಗೆ 100ರಿಂದ 130 ಗ್ರಾಂ ತೂಗುತ್ತದೆ. ಅಂದರೆ ಒಂದು ಪದರಕ್ಕೆ ಸುಮಾರು 300 ಗ್ರಾಂ. ಅಡಿಗೆ ಹಳೆಯ ಹತ್ತಿ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಹಾಕಿದರೆ ಇಡೀ ಕೌದಿ ಒಂದು ಕಿಲೋದೊಳಗೆ ಮುಗಿಯುತ್ತದೆ. ಒಗೆದು ಚೆನ್ನಾಗಿ ಹಿಂಡಿದ ಮೇಲೂ ಹತ್ತಿಯಲ್ಲಿ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರು ಉಳಿದಿರುತ್ತದೆ. ಈ ಕೌದಿಯಿಂದ ಒಂದು ಲೀಟರಿನಷ್ಟು ನೀರು ಆರಿಹೋದರೆ ಕೆಲಸ ಮುಗಿಯಿತು. ಈಗ ಅಂಗಿಯ ಜೊತೆಗೆ ಹಳೆಯ ಜೀನ್ಸ್ ಪ್ಯಾಂಟುಗಳನ್ನೂ ಸೇರಿಸುವ ಆಸೆಯನ್ನು ಇದೇ ತಕ್ಕಡಿಯಲ್ಲಿಡಿ. ಡೆನಿಮ್ ಚದರ ಮೀಟರಿಗೆ 350ರಿಂದ 400 ಗ್ರಾಂ. ಒಂದು ಪದರವೇ ಒಂದು ಕಿಲೋ ಹತ್ತಿರ. ಅದು ಗಟ್ಟಿ, ಬಾಳಿಕೆಯದು, ನಿಜ. ಆದರೆ ಆರಿದ್ರಾ ಮಳೆಯಲ್ಲಿ ಮಗು ಒದ್ದೆ ಮಾಡಿದ ಡೆನಿಮ್ ಕೌದಿ ಒಣಗುವಷ್ಟರಲ್ಲಿ ಕಮಟು ವಾಸನೆ ಹಿಡಿದಿರುತ್ತದೆ. ಬೆಚ್ಚಗಿರಬೇಕಾದರೆ ದಪ್ಪವಿರಬೇಕು ಎಂಬ ನಂಬಿಕೆಯೇ ಇಲ್ಲಿ ದಾರಿ ತಪ್ಪಿಸುತ್ತದೆ. ಹೊದಿಕೆಯಲ್ಲಿ ಚಳಿ ತಡೆಯುವುದು ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಮೂರು ತೆಳುವಾದ ಪದರಗಳ ನಡುವೆ ನಿಲ್ಲುವಷ್ಟು ಗಾಳಿ ಒಂದು ದಪ್ಪ ಪದರದಲ್ಲಿ ನಿಲ್ಲುವುದಿಲ್ಲ, ಮೂರು ತೆಳುವಾದವು ಒಣಗುವುದೂ ಬೇಗ.

ತುಂಡಿನ ಅಳತೆಗೂ ಒಣಗುವುದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇರುವುದು ಜೋಡಣೆಯ ಹೊಲಿಗೆಯಲ್ಲಿ. ಎರಡು ತುಂಡು ಸೇರುವ ಕಡೆ ಅಂಚು ಮಡಿಸಿದಾಗ ಬಟ್ಟೆ ಎರಡು ಪಟ್ಟು, ಮೂರು ಪಟ್ಟು ದಪ್ಪವಾಗುತ್ತದೆ. ಕೌದಿಯಲ್ಲಿ ಕೊನೆಯವರೆಗೂ ತೇವ ಉಳಿಯುವುದು ಈ ಗೆರೆಗಳಲ್ಲೇ. ಮೇಲೆ ಹೇಳಿದ ಅಳತೆಯ ಕೌದಿಯನ್ನು ಆರು ಇಂಚಿನ ಚೌಕಗಳಿಂದ ಮಾಡಿದರೆ 108 ತುಂಡು ಬೇಕು, ನಡುವಿನ ಜೋಡಣೆಯ ಗೆರೆಗಳ ಒಟ್ಟು ಉದ್ದ ತೊಂಬತ್ತೇಳೂವರೆ ಅಡಿ. ಹದಿನೆಂಟು ಇಂಚಿನ ಚೌಕಗಳಾದರೆ 12 ತುಂಡು, ಇಪ್ಪತ್ತೈದೂವರೆ ಅಡಿ ಗೆರೆ. ಒಣಗಲು ಹಟ ಮಾಡುವ ಜಾಗ ಕಾಲು ಭಾಗಕ್ಕೆ ಇಳಿಯಿತು. ಚಿಕ್ಕ ಚಿಕ್ಕ ಚೌಕ, ತ್ರಿಕೋನಗಳ ಕಸೂತಿಯಂಥ ಕೆಲಸ ಒಣ ಸೀಮೆಗೆ ಒಪ್ಪುತ್ತದೆ. ಮಳೆಯೂರಿನಲ್ಲಿ ಅಂಗಿಯನ್ನು ಆದಷ್ಟು ದೊಡ್ಡ ತುಂಡುಗಳಾಗಿಯೇ ಉಳಿಸಿಕೊಳ್ಳಬೇಕು.

ಇದಕ್ಕೆ ಅಂಗಿಯ ಮೈಕಟ್ಟೇ ಅನುಕೂಲ ಮಾಡಿಕೊಟ್ಟಿದೆ. ಅಂಗಿ ಸಾಯುವುದು ಕಾಲರಿನ ಮಡಿಕೆಯಲ್ಲಿ, ತೋಳಿನ ಪಟ್ಟಿಯಲ್ಲಿ, ಮೊಣಕೈ ಮತ್ತು ಕಂಕುಳಲ್ಲಿ. ಬೆನ್ನು ಸಾಯುವುದಿಲ್ಲ. ಕಾಲರು ಹರಿದು ಮೂಲೆ ಸೇರಿದ ಅಂಗಿಯ ಬೆನ್ನನ್ನು ಬೆಳಕಿಗೆ ಹಿಡಿದರೆ ನೇಯ್ಗೆ ಇನ್ನೂ ಹತ್ತಿರ ಹತ್ತಿರ ಕೂತಿರುವುದು ಕಾಣುತ್ತದೆ. ಗುಂಡಿ ಪಟ್ಟಿ, ಕಾಲರು, ತೋಳಪಟ್ಟಿಗಳ ಒಳಗೆ ಬಕ್ರಂ ಇರುತ್ತದೆ, ಅವನ್ನು ಕತ್ತರಿಸಿ ತೆಗೆಯಲೇಬೇಕು. ಬಕ್ರಂ ನೀರು ಹಿಡಿದರೆ ಬಿಡುವುದಿಲ್ಲ. ಭುಜದ ಮೇಲಿನ ಎರಡು ಪದರದ ಪಟ್ಟಿಯನ್ನು ಬಿಡಿಸಿ ಒಂದೇ ಪದರ ಮಾಡಿಕೊಳ್ಳಬೇಕು. ಹೀಗೆ ಬಿಡಿಸಿದ ಮೇಲೆ ದೊಡ್ಡವರ ತುಂಬುತೋಳಿನ ಅಂಗಿಯಿಂದ ಹೆಚ್ಚೆಂದರೆ ಒಂದು ಚದರ ಮೀಟರ್ ಬಟ್ಟೆ ಸಿಗುತ್ತದೆ. ಸವೆದ ಭಾಗ ಬಿಟ್ಟು, ಅಂಚಿನ ಮಡಿಕೆಗೆ ಕಳೆದು ನೋಡಿದರೆ ಒಂದು ಕೌದಿಯ ಮೇಲ್ಪದರಕ್ಕೆ ಐದಾರು ಅಂಗಿ ಬೇಕು. ಇನ್ನೂ ತೊಡಲು ಬರುವ ಅಂಗಿಯನ್ನು ಇದಕ್ಕಾಗಿ ಕತ್ತರಿಸುವುದು ತಪ್ಪು. ಅದು ಯಾರದಾದರೂ ಮೈಮೇಲೆ ಇರಬೇಕಾದದ್ದು.

ಆ ಐದಾರು ಅಂಗಿಗಳು ಒಂದೇ ವಯಸ್ಸಿನವಾಗಿರಬೇಕು. ನನ್ನ ಮಟ್ಟಿಗೆ ಇದು ತೂಕದಷ್ಟೇ ಮುಖ್ಯ. ಹತ್ತಿಯ ಹೊಸ ಬಟ್ಟೆ ಮೊದಮೊದಲ ಒಗೆತಗಳಲ್ಲಿ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ವರ್ಷಗಟ್ಟಲೆ ಒಗೆದ ಅಂಗಿ ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಬಿಡುವ ಬಣ್ಣವನ್ನೆಲ್ಲ ಬಿಟ್ಟಿರುತ್ತದೆ. ಹಳೆಯ ಅಂಗಿ ಕೌದಿಗೆ ತಕ್ಕ ಬಟ್ಟೆಯಾಗುವುದು ಅಗ್ಗ ಎಂಬ ಕಾರಣಕ್ಕಷ್ಟೇ ಅಲ್ಲ, ಹೊಸ ಬಟ್ಟೆಗಿಲ್ಲದ ಈ ನಂಬಿಕಸ್ತಿಕೆ ಅದಕ್ಕಿರುವುದರಿಂದ. ಅದರ ಪಕ್ಕಕ್ಕೆ ಅಂಗಡಿಯಿಂದ ತಂದ ಹೊಸ ತುಂಡೊಂದನ್ನು ಸೇರಿಸಿದರೆ ಎರಡನೇ ಒಗೆತಕ್ಕೆ ಹೊಸದು ಮುದುಡಿ ಹಳೆಯದನ್ನು ಎಳೆಯುತ್ತದೆ. ಹರಿಯುವುದು ಪಾಪ ಹಳೆಯದೇ. ಹಾಗೆಯೇ ಗಟ್ಟಿ ಖಾದಿಯ ಪಕ್ಕದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಅಂಗಿ ಬಾಳುವುದಿಲ್ಲ. ಆರಿಸುವಾಗ ಎರಡೂ ಕೈಯಿಂದ ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಜಗ್ಗಿ ನೋಡಬೇಕು. ಪರ್ರೆಂದರೆ ಅದು ನೆಲ ಒರೆಸಲು ಸರಿ. ಒದ್ದೆ ಮಾಡಿದ ಬಿಳಿ ಅರಿವೆಯಿಂದ ಉಜ್ಜಿದಾಗ ಬಣ್ಣ ಬಂದರೆ ಇನ್ನಷ್ಟು ದಿನ ಒಗೆಯಬೇಕು. ದಾರವೂ ಬಟ್ಟೆಗಿಂತ ಗಟ್ಟಿಯಿರಬಾರದು. ಎಳೆತ ಬಿದ್ದಾಗ ಹತ್ತಿಯ ದಾರ ತಾನು ಕಡಿದುಕೊಳ್ಳುತ್ತದೆ, ಮತ್ತೆ ಹೊಲಿಯಬಹುದು. ಪಾಲಿಯೆಸ್ಟರ್ ದಾರ ಬಟ್ಟೆಯನ್ನೇ ಕೊಯ್ಯಬಹುದು.

ಇಲ್ಲಿಗೆ ಬಂದಾಗ ಬಲವಾದ ಆಕ್ಷೇಪವೊಂದು ಏಳುತ್ತದೆ. ಒಣಗುವುದೇ ಮುಖ್ಯವಾದರೆ ಹತ್ತಿಯನ್ನೇಕೆ ಹಿಡಿದುಕೊಳ್ಳಬೇಕು, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಅಂಗಿಗಳೇ ಸಾಲದೇ? ಆಕ್ಷೇಪ ಹಗುರವಾದದ್ದಲ್ಲ. ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು 1941ರಲ್ಲಿ ರೂಪಿಸಿದ ಟೆರಿಲೀನ್ ಎಂಬ ಪಾಲಿಯೆಸ್ಟರ್ ನಾರು ಹಿಡಿಯುವ ತೇವ ಶೇ. ಅರ್ಧಕ್ಕಿಂತ ಕಡಿಮೆ. ಬೂಷ್ಟು ಅದನ್ನು ತಿನ್ನುವುದಿಲ್ಲ. ಶಾಲೆಯ ಸಮವಸ್ತ್ರದಿಂದ ಹಿಡಿದು ಆಫೀಸಿನ ಅಂಗಿಯವರೆಗೆ ಇವತ್ತು ಮನೆಯ ಬೀರುವಿನಲ್ಲಿ ಹೆಚ್ಚು ಇರುವುದೂ ಪಾಲಿಯೆಸ್ಟರ್ ಬೆರೆತ ಬಟ್ಟೆಯೇ; ಮೂರರಲ್ಲಿ ಎರಡು ಪಾಲು ಪಾಲಿಯೆಸ್ಟರ್, ಒಂದು ಪಾಲು ಹತ್ತಿ ಎಂಬುದು ಅದರ ಸಾಮಾನ್ಯ ಬೆರಕೆ. ಇಷ್ಟನ್ನೂ ಒಪ್ಪಿಕೊಂಡು ಹೇಳುತ್ತೇನೆ, ಬಚ್ಚಲೊಲೆ ಉರಿಯುವ ಮನೆಯಲ್ಲಿ ಈ ಬಟ್ಟೆಯ ಕೌದಿ ಬೇಡ. ಜಡಿಮಳೆಯ ದಿನಗಳಲ್ಲಿ ಇಲ್ಲಿ ಬಟ್ಟೆ ಒಣಗುವುದು ಬೆಂಕಿಯ ಸಮೀಪದಲ್ಲಿ. ಹಂಡೆಯ ಒಲೆಯ ಮೇಲೆ ಕಟ್ಟಿದ ಗಳದ ಮೇಲೋ, ಕೆಂಡದ ಸುತ್ತಲೋ ಹರಡಿದ ಹೊದಿಕೆಗೆ ಕಿಡಿ ಹಾರುವುದು ಅಪರೂಪವೇನಲ್ಲ. ಹತ್ತಿಗೆ ಕಿಡಿ ಬಿದ್ದರೆ ಕರಿ ತೂತಾಗುತ್ತದೆ, ಉಜ್ಜಿ ಆರಿಸಬಹುದು. ಪಾಲಿಯೆಸ್ಟರ್ 250 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಕರಗಿ ಮೈಗೆ ಅಂಟುತ್ತದೆ. ಬೆರಕೆಯ ಬಟ್ಟೆ ಇನ್ನೂ ಅಪಾಯದ್ದು: ಹತ್ತಿ ಬತ್ತಿಯಾಗಿ, ಕರಗಿದ ಪಾಲಿಯೆಸ್ಟರ್ ಅದಕ್ಕೆ ಎಣ್ಣೆಯಾಗಿ, ಎರಡೂ ಸೇರಿ ದೀಪದಂತೆ ಉರಿಯುತ್ತವೆ. ಚಳಿಗೆ ಕೌದಿ ಹೊದ್ದುಕೊಂಡೇ ಒಲೆಯ ಮುಂದೆ ಕೂರುವ ಮಕ್ಕಳು, ಮುದುಕರು ಇರುವ ಮನೆಯಲ್ಲಿ ಎರಡು ದಿನ ಬೇಗ ಒಣಗುವ ಲಾಭ ಈ ಅಪಾಯಕ್ಕೆ ಸಮನಲ್ಲ.

ಹಾಗಾದರೆ ಆ ಅಂಗಿಗಳನ್ನೆಲ್ಲ ಎಸೆಯಬೇಕೇ? ಬೇಡ. ಬೆರಕೆಯವನ್ನು ಬೆರಕೆಯವುಗಳ ಜೊತೆಗೇ ಇಟ್ಟು ಬೇರೆ ಕೌದಿ ಹೊಲಿಯಲಿ. ಮಂಚದ ಮೇಲೆ ಹಾಸಲು, ಬೀರುವಿನ ಸಾಮಾನಿಗೆ ಹೊದಿಸಲು, ಬೇಸಿಗೆಯಲ್ಲಿ ಜಗಲಿಯ ಮೇಲೆ ಬಿಡಿಸಲು ಅದು ಬರುತ್ತದೆ. ಗ್ಯಾಸು, ಸೋಲಾರು ಬಂದು ಬಚ್ಚಲೊಲೆ ಆರಿರುವ ಮನೆಯಲ್ಲಿ ಹೊದೆಯಲೂ ಬರುತ್ತದೆ ಎಂದು ಒಪ್ಪುತ್ತೇನೆ. ಹತ್ತಿಯ ಜೊತೆ ಒಂದೇ ಕೌದಿಯಲ್ಲಿ ಮಾತ್ರ ಸೇರಿಸಬಾರದು. ಎರಡೂ ಬೇರೆ ಬೇರೆ ವೇಗದಲ್ಲಿ ಒಣಗುತ್ತವೆ, ಬೇರೆ ಬೇರೆ ವೇಗದಲ್ಲಿ ಸವೆಯುತ್ತವೆ. ಯಾವುದು ಯಾವುದೆಂದು ತಿಳಿಯಲು ಸುಲಭದ ದಾರಿ ಇದೆ. ಅಂಗಿಯ ಒಳ ಅಂಚಿನಿಂದ ನಾಲ್ಕು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲ ಮೇಲೆ ಕಡ್ಡಿ ಗೀರಬೇಕು. ಹತ್ತಿಯದು ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಉರಿಯಿಂದ ಹಿಂದೆ ಸರಿದು ಮುದುಡಿ, ಆರಿದ ಮೇಲೆ ಬೆರಳಿಗೆ ಪುಡಿಯಾಗದ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಬೂದಿಯೂ ಮಣಿಯೂ ಒಟ್ಟಿಗೆ ಕಂಡರೆ ಅದು ಬೆರಕೆ.

ಸಂತೆಯಲ್ಲಿ ಅಗ್ಗದ ರಗ್ಗು ಸಿಗುವಾಗ ಇಷ್ಟೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಅಗ್ಗದ ಕಂಬಳಿಗಳ ಹಿಂದೆಯೂ ಹಳೆಯ ಬಟ್ಟೆಯೇ ಇದೆ. ಹರಿಯಾಣದ ಪಾಣಿಪತ್ತಿನಲ್ಲಿ ಹೊರದೇಶಗಳಿಂದ ಬಂದ ಹಳೆಯ ಉಡುಪುಗಳನ್ನು ಯಂತ್ರದಲ್ಲಿ ಸಿಗಿದು, ಮತ್ತೆ ನೂತು ಕಂಬಳಿ ಮಾಡುವ ಉದ್ಯಮ ದೊಡ್ಡದಾಗಿ ಬೆಳೆದಿದೆ. ಸಿಗಿದಾಗ ನಾರು ತುಂಡಾಗುತ್ತದೆ, ಅದರ ಬಾಳಿಕೆ ಅಷ್ಟಕ್ಕಷ್ಟೆ. ಕೌದಿ ಬಟ್ಟೆಯನ್ನು ಸಿಗಿಯುವುದಿಲ್ಲ, ಇದ್ದ ನೇಯ್ಗೆಯನ್ನು ಹಾಗೆಯೇ ಇಟ್ಟುಕೊಂಡು ಮುಂದುವರಿಸುತ್ತದೆ. ದಪ್ಪ ಪಾಲಿಯೆಸ್ಟರ್ ರಗ್ಗಿಗೂ ಪಾಲಿಯೆಸ್ಟರಿನ ಬಗ್ಗೆ ಆಗಲೇ ಹೇಳಿದ ಮಾತೇ ಸಲ್ಲುತ್ತದೆ. ಅದಕ್ಕೆ ಬೆಂಕಿಯ ಭಯವೂ ಉಂಟು, ಅದರ ಜುಂಗಿನ ನಡುವೆ ಸಿಕ್ಕಿಕೊಂಡ ನೀರೂ ಮಳೆಗಾಲದಲ್ಲಿ ಸುಲಭಕ್ಕೆ ಇಳಿಯುವುದಿಲ್ಲ.

ನೆನಪಿನ ಮಾತು ಬಂದಾಗ ನನ್ನ ವಾದ ಸ್ವಲ್ಪ ಬಾಗಬೇಕಾಗುತ್ತದೆ. ತೀರಿಹೋದ ಅಪ್ಪನ ಅಂಗಿಯನ್ನು ಕೌದಿಗೆ ಸೇರಿಸಲು ಹೊರಟ ಮಗಳಿಗೆ ಎಳೆ ಸುಟ್ಟು ನೋಡು ಎಂದು ಹೇಳುವುದು ಹೇಗೆ? ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಊರಿನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಸಂತತಿಯ ಹೆಂಗಸರು ಹೊಲಿದ ಹೊದಿಕೆಗಳು ಇವತ್ತು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ಹೆಸರಾದ ಒಂದನ್ನು ಮಿಸ್ಸೂರಿ ಪೆಟ್‌ವೇ ಎಂಬಾಕೆ 1942ರಲ್ಲಿ, ತೀರಿಹೋದ ಗಂಡನ ಹೊಲದ ಬಟ್ಟೆಗಳಿಂದ ಹೊಲಿದಳು. ಅದರಲ್ಲಿ ಸೂಕ್ಷ್ಮದ ಚಿತ್ತಾರವಿಲ್ಲ, ಇರುವುದು ದೊಡ್ಡ ದೊಡ್ಡ ಪಟ್ಟಿಗಳು, ಸವೆದು ಬಣ್ಣ ಮಾಸಿದ ಗಟ್ಟಿ ಹತ್ತಿ. ಆ ಬಟ್ಟೆ ಹೊದಿಕೆಗೆ ಸರಿಯಾಗಿ ಒದಗಿತು, ಏಕೆಂದರೆ ಅದು ದುಡಿದ ಬಟ್ಟೆ. ನಮ್ಮಲ್ಲಿ ಅಪ್ಪನ ಅಂಗಿ ಟೆರಿಕಾಟ್ ಆಗಿದ್ದರೆ ಅದರ ಜೇಬನ್ನೋ ಎದೆಯ ಒಂದು ತುಂಡನ್ನೋ ಕೌದಿಯ ಮೂಲೆಗೆ, ಹತ್ತಿಯ ಅಸ್ತರದ ಮೇಲೆ ಕೂರಿಸಬಹುದು. ಇಡೀ ಕೌದಿಯನ್ನು ಅದರ ಮೇಲೆ ನಿಲ್ಲಿಸದಿದ್ದರೆ ಆಯಿತು. ತೀರ ಸವೆದ ಅಂಗಿಯಾದರೆ ಅದರ ಬೆನ್ನಿಗೆ ಇನ್ನೊಂದು ಹಳೆಯ ತುಂಡನ್ನು ಕೊಟ್ಟು ಒಟ್ಟಿಗೆ ಹೊಲಿಯಬೇಕು.

ಬಣ್ಣವನ್ನು ಕೊನೆಗೆ ಇಟ್ಟರೆ ಕೌದಿ ಕಳೆಗೆಡುತ್ತದೆ ಎಂಬ ಹೆದರಿಕೆಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಇರುವುದೆಲ್ಲ ಮನೆಯಲ್ಲಿ ಉಟ್ಟು ತೊಟ್ಟು ಹಳತಾದ ಬಟ್ಟೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ತುಂಡುಗಳನ್ನು ಮೊದಲೇ ಅಳತೆ ಮಾಡಿ ಸಮಾನವಾಗಿ ಕತ್ತರಿಸುವುದಿಲ್ಲ. ಸಿಕ್ಕ ಬಟ್ಟೆ ಎಷ್ಟು ದೊಡ್ಡದೋ ಅಷ್ಟನ್ನೂ ಕೂರಿಸಿ, ನಾಲ್ಕು ಮೂಲೆಗೆ ಮಡಿಸಿದ ತುಂಡುಗಳ ‘ಫುಲಾ’ ಇಟ್ಟು ಮುಗಿಸುತ್ತಾರೆ. ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸಕಾರರು ಇವುಗಳನ್ನು ಅಭ್ಯಾಸ ಮಾಡಿ ಹೊರಜಗತ್ತಿಗೆ ಪರಿಚಯಿಸಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವು ಪ್ರದರ್ಶನಗೊಂಡವು. ಕಣ್ಣಿಗೆ ಹಬ್ಬವಾಗುವ ಆ ಬಣ್ಣಗಾರಿಕೆ ಹುಟ್ಟಿದ್ದು ಇದ್ದ ಬಟ್ಟೆಯನ್ನು ಅದರ ಅಳತೆಯಲ್ಲೇ ಒಪ್ಪಿಕೊಂಡದ್ದರಿಂದ. ಅಂಗಿಗಳಲ್ಲಿ ಬಿಳಿ, ತಿಳಿನೀಲಿ, ಬೂದು, ಗೆರೆ, ಚೌಕಳಿ ಇವೇ ಹೆಚ್ಚು. ಒಂದು ಅಂಗಿಯ ಗೆರೆ ಉದ್ದಕ್ಕೆ, ಪಕ್ಕದ್ದರ ಗೆರೆ ಅಡ್ಡಕ್ಕೆ ಹೊರಳಿಸಿ ಕೂರಿಸಿದರೂ ಕೌದಿಗೆ ಜೀವ ಬರುತ್ತದೆ. ಗೆರೆಯನ್ನು ಓರೆಯಾಗಿ ಕತ್ತರಿಸಬಾರದು, ಅಷ್ಟೇ. ಓರೆ ಕತ್ತರಿಸಿದ ಬಟ್ಟೆ ಒದ್ದೆ ಭಾರಕ್ಕೆ ಜೋಲುಬೀಳುತ್ತದೆ.

ಕೊನೆಯ ಮಾತು ಕಾಫಿ ಸೀಮೆಗೇ ಸೇರಿದ್ದು. ಇಲ್ಲಿ ಗಂಡಸರ ಹಳೆಯ ತುಂಬುತೋಳಿನ ಅಂಗಿಗೆ ಕೌದಿಗಿಂತ ಮೊದಲು ಇನ್ನೊಂದು ಬಾಳು ಇದೆ. ಹಣ್ಣು ಕೊಯ್ಯಲು, ಕಳೆ ತೆಗೆಯಲು ಹೋಗುವ ಹೆಂಗಸರು ಸೀರೆಯ ಮೇಲೆ ಅದನ್ನು ತೊಟ್ಟುಕೊಳ್ಳುತ್ತಾರೆ; ಗಿಡದ ರೆಂಬೆ, ಇರುವೆಗಳಿಂದ ತೋಳಿಗೆ ಅದೇ ರಕ್ಷೆ. ಕಾಫಿ ಹಣ್ಣಿನ ರಸದ ಕಂದು ಕಲೆ ಹತ್ತಿದ ಇಂಥ ಅಂಗಿ ಕೌದಿಗೆ ಬಹಳ ಒಳ್ಳೆಯದು, ಕಲೆಯಿಂದ ಕೇಡೇನಿಲ್ಲ. ಔಷಧಿ ಹೊಡೆಯುವಾಗ ತೊಟ್ಟ ಅಂಗಿಯ ಸಂಗತಿ ಹಾಗಲ್ಲ. ಮಳೆಗೆ ಮೊದಲು ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದಾಗ ನೀಲಿ ಕಲೆ ಕಣ್ಣಿಗೆ ಕಾಣುತ್ತದೆ. ಕಾಂಡಕೊರಕ ಮುಂತಾದ ಹುಳುಗಳಿಗೆ ಹೊಡೆಯುವ ಕೀಟನಾಶಕ ಕಲೆಯನ್ನೂ ಬಿಡದೆ ನೂಲಿನೊಳಗೆ ಸೇರುತ್ತದೆ, ಮನೆಯ ಸಾಬೂನಿನ ಒಗೆತಕ್ಕೆ ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆ ರಾತ್ರಿಯಿಡೀ ಮಗುವಿನ ಮುಖಕ್ಕೆ ತಾಗಿರುವ ಹೊದಿಕೆಯಾಗುವುದು ಯೋಚಿಸಲೂ ಆಗದ ಮಾತು. ಗುಡ್ಡೆಯಲ್ಲಿ ಸೇರಿದ ಮೇಲೆ ಯಾವ ಅಂಗಿ ಔಷಧಿಯದು, ಯಾವುದು ಕೊಯ್ಲಿನದು ಎಂದು ಗುರುತಿಸಲು ಯಾರಿಂದಲೂ ಆಗದು. ಅದಕ್ಕೇ ತೋಟದ ಯಜಮಾನರಲ್ಲೂ ಕೆಲಸಗಾರರ ಲೈನ್ ಮನೆಗಳ ಅಕ್ಕತಂಗಿಯರಲ್ಲೂ ನನ್ನ ಬಿನ್ನಹ: ಔಷಧಿ ಹೊಡೆಯುವ ಅಂಗಿಗಳನ್ನು ಬೇರೆ ಇಡಿ, ಅವುಗಳ ಕಾಲರಿಗೆ ಕೆಂಪು ದಾರದಲ್ಲಿ ನಾಲ್ಕು ದೊಡ್ಡ ಹೊಲಿಗೆ ಹಾಕಿ ಗುರುತು ಮಾಡಿ, ಬೇರೆಯಾಗಿಯೇ ಒಗೆಯಿರಿ, ಹರಿದ ಮೇಲೂ ಯಾರಿಗೂ ಕೊಡಬೇಡಿ. ಉಳಿದ ಹತ್ತಿಯ ಅಂಗಿಗಳನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಗೆದು ಒಣಗಿಸಿ ಬಿಡಿಸಿಟ್ಟುಕೊಂಡರೆ, ಮೃಗಶಿರಾ ಮಳೆ ಹಿಡಿಯುವ ಮೊದಲೇ ಕೌದಿ ಹೊಲಿದು ಮುಗಿಸಬಹುದು.